ಲೇ, ಕಲ್ಲು ಕೊಡೋ!

ನಮ್ಮ ಲಾರಿಯಲ್ಲಿ ಒಂದು ಕಲ್ಲಿದೆ. ಚಿತ್ರದುರ್ಗದವರಿಗೆ ಕಲ್ಲಿಗೇನು ಬರ ಅಂತ ಕೇಳಬಹುದು. ಊರನ್ನೇ ಕಲ್ಲಿನ ಕೋಟೆ ಅಂತಾರೆ, ತಲೆ ಎತ್ತಿದರೆ ಬಂಡೆ, ತಗ್ಗಿಸಿದರೆ ಜಲ್ಲಿ. ಆದರೂ ಈ ಕಲ್ಲು ಬೇರೆ. ತಳ ಚಪ್ಪಟೆ. ಒಂದು ಮಗ್ಗುಲು ಇಳಿಜಾರು. ಒಂದೇ ಕೈಯಲ್ಲಿ ಎತ್ತುವಷ್ಟು ಭಾರ. ಜೋಗಿಮಟ್ಟಿ ರಸ್ತೆಯಲ್ಲಿ ಯಾರೋ ಮನೆ ಕಟ್ಟಿಸುವಾಗ ಅಪ್ಪ ರಾಶಿಯಲ್ಲಿ ಹುಡುಕಿ ಆರಿಸಿಕೊಂಡು ಬಂದದ್ದು. ಹದಿನೈದು ವರ್ಷ ಆಯಿತು. ಈ ನಡುವೆ ಟೈರ್ ಎಷ್ಟೋ ಸಲ ಬದಲಾಯಿತು, ಕ್ಲೀನರ್ ಹುಡುಗರು ನಾಲ್ಕು ಜನ ಬದಲಾದರು. ಕಲ್ಲು ಮಾತ್ರ ಅದೇ.

ಲಾರಿ 1998ರ ಮಾಡೆಲ್. ಆರು ಚಕ್ರದ ಚಿಕ್ಕ ಗಾಡಿ. ಯಾವ ಕಂಪನಿ ಅಂತ ಬರೆಯಲ್ಲ, ಯಾಕೆಂದರೆ ಮುಂದೆ ಹೇಳುವ ತಪ್ಪು ಕಂಪನಿಯದ್ದಲ್ಲ, ಅಪ್ಪ ಮಗ ಇಬ್ಬರದ್ದೂ. ನನ್ನದು ಗೊಬ್ಬರದ ಅಂಗಡಿ. ಸುಗ್ಗಿ ಬಂದಾಗ ಅಂಗಡಿಯನ್ನು ತಮ್ಮನಿಗೆ ಬಿಟ್ಟು ಸ್ಟೇರಿಂಗ್ ಹಿಡಿಯುತ್ತೇನೆ. ಭರಮಸಾಗರ, ಸಿರಿಗೆರೆ ಕಡೆಯ ಮೆಕ್ಕೆಜೋಳ ದಾವಣಗೆರೆ ಎಪಿಎಂಸಿಗೆ. ಭೀಮಸಮುದ್ರದ ಕಡೆಯಿಂದ ಆಗಾಗ ಅಡಿಕೆ. ಈರುಳ್ಳಿ ಕಾಲದಲ್ಲಿ ಈರುಳ್ಳಿ, ಏನೂ ಇಲ್ಲದಿದ್ದರೆ ಇಟ್ಟಿಗೆ.

ಈ ಗಾಡಿಗೆ ಹ್ಯಾಂಡ್ ಬ್ರೇಕ್ ಇದೆ ಅನ್ನೋದು ನನಗೆ ಸೀಟಿನ ಪಕ್ಕದ ಲಿವರ್ ನೋಡಿ ಗೊತ್ತಿತ್ತು, ಅಷ್ಟೇ. ಅಪ್ಪ ಅದಕ್ಕೆ ಟವೆಲ್ ನೇತು ಹಾಕುತ್ತಿದ್ದರು. ಗಾಡಿ ನಿಲ್ಲಿಸೋದು ಅಂದರೆ ಅವರಿಗೆ ಮೂರು ಕೆಲಸ. ಇಂಜಿನ್ ಆಫ್, ಗಾಡಿ ಗೇರಿನಲ್ಲಿ, ಆಮೇಲೆ ಬಾಗಿಲು ತೆಗೆದು ಒಂದು ಕೂಗು. "ಲೇ, ಕಲ್ಲು ಕೊಡೋ!" ಹುಡುಗ ಹಾರಿ ಇಳಿದು ಹಿಂದಿನ ಚಕ್ರಕ್ಕೆ ಕಲ್ಲು ಒತ್ತರಿಸಿ ಕೊಟ್ಟರೆ ಮುಗಿಯಿತು. ನಾನೂ ಹಾಗೇ ಕಲಿತೆ.

ವರ್ಷಕ್ಕೊಮ್ಮೆ ಮಾತ್ರ ಆ ಲಿವರಿಗೆ ಮರ್ಯಾದೆ. ಎಂಟು ವರ್ಷ ದಾಟಿದ ಗಾಡಿಗೆ ಪ್ರತಿ ವರ್ಷ ಎಫ್‌ಸಿ, ಅಂದರೆ ಗಾಡಿ ಓಡಲು ಯೋಗ್ಯ ಅನ್ನುವ ಸರ್ಟಿಫಿಕೇಟ್, ಮಾಡಿಸಬೇಕಲ್ವಾ? ಹಿಂದಿನ ದಿನ ಅಪ್ಪ ಗಾಡಿ ಕೆಳಗೆ ತೂರಿ ನಟ್ ತಿರುಗಿಸಿ ಕೇಬಲ್ ಬಿಗಿ ಮಾಡುತ್ತಿದ್ದರು. ಎಫ್‌ಸಿ ದಿನ ಹ್ಯಾಂಡ್ ಬ್ರೇಕ್ ಹೇಗೋ ಹಿಡಿಯುತ್ತಿತ್ತು. ಮಾರನೇ ದಿನ ಬಲಗಡೆ ಚಕ್ರ ಬಿಸಿ ಆಗುತ್ತಿತ್ತು, ಅಪ್ಪ ಮತ್ತೆ ತೂರಿ ಸಡಿಲ ಮಾಡುತ್ತಿದ್ದರು. ಮೇಲೆ ಮತ್ತೆ ಟವೆಲ್ ಬರುತ್ತಿತ್ತು.

ಕಾನೂನಿನ ಮಾತು ಬಂದರೆ ಒಂದು ತಮಾಷೆ ಇದೆ. 1988ರ ಮೋಟಾರು ವಾಹನ ಕಾಯಿದೆಯ 126ನೇ ಸೆಕ್ಷನ್ ನಿಂತ ಗಾಡಿಯ ಬಗ್ಗೆ. ಲೈಸೆನ್ಸ್ ಇರುವವನು ಸೀಟಿನಲ್ಲಿ ಕೂತಿಲ್ಲದಿದ್ದರೆ ಇಂಜಿನ್ ನಿಂತಿರಬೇಕು. ಬ್ರೇಕ್ ಹಾಕಿರಬೇಕು, ಇಲ್ಲವೇ ಗಾಡಿ ತಾನಾಗಿ ಹೊರಡದ ಹಾಗೆ ಬೇರೆ ಏನಾದರೂ ಕ್ರಮ ತೆಗೆದುಕೊಂಡಿರಬೇಕು. ಆ "ಬೇರೆ ಕ್ರಮ"ದಲ್ಲಿ ನಮ್ಮ ಕಲ್ಲೂ ಬರುತ್ತೆ ಅಂತ ನಾನು ಬಹಳ ದಿನ ಸಮಾಧಾನ ಮಾಡಿಕೊಂಡಿದ್ದೆ.

ಹೋದ ವರ್ಷದ ಮೆಕ್ಕೆಜೋಳದ ಸುಗ್ಗಿಯಲ್ಲಿ ಆ ಸಮಾಧಾನ ಮುಗಿಯಿತು.

ಭರಮಸಾಗರದಿಂದ ಒಳಗೆ ಒಂದು ಹಳ್ಳಿ. ಕಣಕ್ಕೆ ಹೋಗುವ ದಾರಿ ಏರು. ಮೂತಿ ಮೇಲೆ ಮಾಡಿ ಗಾಡಿ ನಿಲ್ಲಿಸಿದೆ, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟೆವು. ನಲವತ್ತು ಚೀಲ ಏರಿತು. ಹಗ್ಗ ಬಿಗಿದಾಯಿತು. ನಾನು ಸೀಟಿಗೆ ಹತ್ತಿ ಕೂತೆ. ಹೊಸ ಹುಡುಗ, ಪಾಪ, ಉತ್ಸಾಹ ಜಾಸ್ತಿ. ಇಂಜಿನ್ ಶಬ್ದ ಕೇಳಿದ್ದೇ ತಡ, ಕಲ್ಲು ಎಳೆದುಕೊಂಡ.

ಇಲ್ಲಿ ಒಂದು ಸಣ್ಣ ಲೆಕ್ಕ ಹೇಳಬೇಕು. ಗಾಡಿ ಗೇರಿನಲ್ಲಿದ್ದರೆ ಇಂಜಿನ್ನೇ ಚಕ್ರವನ್ನು ಹಿಡಿದಿರುತ್ತೆ. ಆದರೆ ಕ್ಲಚ್ ತುಳಿದ ಗಳಿಗೆಯಲ್ಲಿ ಆ ಹಿಡಿತ ಹೋಗುತ್ತೆ. ಆಮೇಲೆ ಗಾಡಿ ನಿಲ್ಲೋದು ಕಾಲಿನ ಬ್ರೇಕ್ ಮೇಲೆ. ಏರು ಹತ್ತಿಸಬೇಕಾದರೆ ಎಕ್ಸಲೇಟರ್ ಬೇಕು, ಅದಕ್ಕೆ ಬ್ರೇಕಿನ ಕಾಲನ್ನೇ ಎತ್ತಬೇಕು. ಪೆಡಲ್ ಮೂರು, ದೇವರು ಕೊಟ್ಟ ಕಾಲು ಎರಡು. ಆ ಮೂರನೇ ಕಾಲಿನ ಕೆಲಸ ಹ್ಯಾಂಡ್ ಬ್ರೇಕಿನದು. ಅದಿಲ್ಲದವರು ಕಾಲು ಚುರುಕು ಮಾಡಿಕೊಂಡು, ಹಿಂದೆ ಕಲ್ಲು ಇಟ್ಟುಕೊಂಡು ಬದುಕುತ್ತಾರೆ.

ಅವತ್ತು ನನ್ನ ಕಾಲು ಚುರುಕಾಗಲಿಲ್ಲ. ಬ್ರೇಕಿನಿಂದ ಕಾಲು ಎತ್ತಿದೆ, ಇಂಜಿನ್ ಗೊರ್ ಅಂದು ಆಫ್ ಆಯಿತು. ಗಾಬರಿಯಲ್ಲಿ ಕ್ಲಚ್ ತುಳಿದೆ. ಗಾಡಿ ಹಿಂದಕ್ಕೆ ಹೊರಟಿತು. ಕೈ ತಾನಾಗಿ ಲಿವರಿಗೆ ಹೋಯಿತು. ಎಳೆದೆ. ಟವೆಲ್ ಕೈಗೆ ಬಂತು. ಲಿವರೂ ಬಂತು, ಕೊನೇವರೆಗೂ, ಬಾವಿಗೆ ಬಿಟ್ಟ ಹಗ್ಗ ಬಂದ ಹಾಗೆ, ಯಾವ ತಡೆಯೂ ಇಲ್ಲದೆ. ಬ್ರೇಕ್ ತುಳಿಯುವಷ್ಟರಲ್ಲಿ ಲಾರಿಯ ಹಿಂಭಾಗ ಮೆಲ್ಲಗೆ ಹೋಗಿ ಮೇವಿನ ಬಣವೆಯೊಳಗೆ ಕೂತಿತ್ತು.

ಯಾರಿಗೂ ಏನೂ ಆಗಲಿಲ್ಲ. ಹುಡುಗ ಕಲ್ಲು ಹಿಡಿದುಕೊಂಡೇ ಪಕ್ಕಕ್ಕೆ ಹಾರಿದ್ದ. ಬಣವೆಯ ಕಾಲು ಭಾಗ ಕುಸಿದಿತ್ತು. ಆ ಮನೆಯ ಅಜ್ಜಿ ಹೊರಗೆ ಬಂದು ಗಾಡಿ ನೋಡಿದರು, ನನ್ನನ್ನು ನೋಡಿದರು. "ಅಲ್ಲಪ್ಪಾ, ಜ್ವಾಳ ಒಯ್ಯಾಕ್ ಬಂದೋನು ಮೇವ್ಯಾಕ್ ತುಂಬ್ಕಂಡೆ?" ಅಂದರು. ಬಣವೆ ಸರಿ ಮಾಡಿಕೊಟ್ಟು ಹೊರಡುವಾಗ ಕತ್ತಲಾಗಿತ್ತು. ಅದೇ ಏರಿನಲ್ಲಿ ಸ್ವಲ್ಪ ಮುಂಚೆ ಮಕ್ಕಳು ಆಡುತ್ತಿದ್ದರು. ಅದು ನೆನಪಾಗಿ ರಾತ್ರಿ ಬಹಳ ಹೊತ್ತು ನಿದ್ದೆ ಬರಲಿಲ್ಲ.

ನಮ್ಮ ಗಾಡಿ ನೋಡುವ ಮೇಸ್ತ್ರಿ ದಾವಣಗೆರೆಯಲ್ಲಿ. ವಯಸ್ಸಾದವರು, ಎಲ್ಲರಿಗೂ ಅವರು ಚಾಚಾ. ಕಾಳು ಇಳಿಸಿ ಸೀದಾ ಅಲ್ಲಿಗೇ ಹೋದೆ. ಚಾಚಾ ಲಿವರ್ ಎರಡು ಸಲ ಎಳೆದು ಬಿಟ್ಟರು.

"ಎಷ್ಟು ವರ್ಷ ಆತು ಇದನ್ನ ಎಳೆದು?"

"ಹಿಡಿಯಲ್ಲ ಚಾಚಾ, ಅದಕ್ಕೇ ಎಳೆಯಲ್ಲ."

"ಉಲ್ಟಾ ಹೇಳ್ತೀಯಲ್ಲ ತಮ್ಮಾ. ಎಳೆಯಲ್ಲ, ಅದಕ್ಕೇ ಹಿಡಿಯಲ್ಲ."

ಅವರ ಮಾತು ನಿಜವಾ ಅಂತ ಆಮೇಲೆ ಕಣ್ಣಾರೆ ನೋಡಿದೆ.

ದೊಡ್ಡ ಲಾರಿಗಳ ಕಥೆ ಬೇರೆ. ಏರ್ ಬ್ರೇಕ್ ಇರುವ ಗಾಡಿಯಲ್ಲಿ ಹಿಂದಿನ ಚಕ್ರದ ಹತ್ತಿರ ಡಬ್ಬಿಯೊಳಗೆ ಒಂದು ಬಲವಾದ ಸ್ಪ್ರಿಂಗ್ ಇರುತ್ತೆ. ಗಾಳಿ ಆ ಸ್ಪ್ರಿಂಗನ್ನು ಅದುಮಿ ಹಿಡಿದಿರುತ್ತೆ. ಡ್ರೈವರ್ ವಾಲ್ವ್ ಎಳೆದ ಕೂಡಲೇ ಪುಸ್ ಅಂತ ಗಾಳಿ ಹೋಗಿ ಸ್ಪ್ರಿಂಗ್ ಬಿಚ್ಚಿಕೊಂಡು ಬ್ರೇಕ್ ಕಚ್ಚುತ್ತೆ. ಹೆದ್ದಾರಿ ಢಾಬಾ ಮುಂದೆ ಕೇಳುವ ಪುಸ್ ಅದೇ. ಗಾಳಿ ಸೋರಿಹೋದರೂ ಬ್ರೇಕ್ ಹಿಡಿಯುವ ಕಡೆಗೇ ಹೋಗುತ್ತೆ. ನಮ್ಮಂಥ ಹಳೇ ಚಿಕ್ಕ ಗಾಡಿಯಲ್ಲಿ ಕಾಲಿನ ಬ್ರೇಕ್ ಆಯಿಲ್ ಮೇಲೆ, ಕೈ ಬ್ರೇಕ್ ಒಂದು ತಂತಿಯ ಮೇಲೆ. ತಂತಿ ಕೈಕೊಟ್ಟರೆ ಹಿಡಿಯಲು ಬೇರೆ ಏನೂ ಇಲ್ಲ.

ಆ ತಂತಿಯೂ ಸೈಕಲ್ ಬ್ರೇಕಿನ ವೈರೂ ಒಂದೇ ಜಾತಿ. ಒಳಗೆ ಹೆಣೆದ ಉಕ್ಕಿನ ಎಳೆ, ಹೊರಗೆ ಸುರುಳಿ ಸುತ್ತಿದ ಕೊಳವೆ, ಅದರ ಮೇಲೆ ಪ್ಲಾಸ್ಟಿಕ್ ಹೊದಿಕೆ. ಕೊಳವೆ ಅಲ್ಲಾಡದೆ ನಿಂತರೆ ಒಳಗಿನ ತಂತಿ ಎಳೆತವನ್ನು ಯಾವ ಮೂಲೆಗೆ ಬೇಕಾದರೂ ಒಯ್ಯುತ್ತೆ. 1896ರಲ್ಲಿ ಅರ್ನೆಸ್ಟ್ ಮಾನಿಂಗ್ಟನ್ ಬೌಡನ್ ಇದಕ್ಕೆ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದ. ಅದಕ್ಕೇ ಇದನ್ನು ಬೌಡನ್ ಕೇಬಲ್ ಅನ್ನುತ್ತಾರೆ. ಅಷ್ಟು ಹಳೇ ಸಾಮಾನು, ಅಷ್ಟೇ ಸರಳ. ಇದರ ಶತ್ರುವೂ ಸರಳ, ನೀರು.

ನಮ್ಮ ಗಾಡಿಯಲ್ಲಿ ಲಿವರಿನಿಂದ ಒಂದು ಕೇಬಲ್ ಹಿಂದಕ್ಕೆ ಬರುತ್ತೆ. ಚಾಸಿ ನಡುವೆ ಒಂದು ಕಬ್ಬಿಣದ ಪಟ್ಟಿ. ಅದರ ಎರಡು ತುದಿಯಿಂದ ಎಡಕ್ಕೊಂದು, ಬಲಕ್ಕೊಂದು ಕೇಬಲ್ ಹಿಂದಿನ ಡ್ರಮ್ಮುಗಳೊಳಗೆ, ಅಂದರೆ ಚಕ್ರದ ಜೊತೆ ತಿರುಗುವ ಬ್ರೇಕಿನ ಡಬ್ಬಿಗಳೊಳಗೆ. ಪಟ್ಟಿ ಥೇಟ್ ಎತ್ತಿನ ನೊಗ. ಎರಡೂ ಎತ್ತು ಸಮ ಎಳೆದರೆ ನೆಟ್ಟಗಿರುತ್ತೆ, ಒಂದು ಹಿಂದೆ ಬಿದ್ದರೆ ಓರೆಯಾಗುತ್ತೆ. ಟಾರ್ಚ್ ಹಾಕಿ ನೋಡಿದೆ. ನಮ್ಮ ನೊಗ ಪೂರ್ತಿ ಓರೆ. ಎಡಗಡೆ ಕೇಬಲ್ ತುಕ್ಕು ಹಿಡಿದು ಕಲ್ಲಿನ ಹಾಗೆ ಕೂತಿತ್ತು. ಲಿವರಿನ ಓಟವೆಲ್ಲ ಬಲಗಡೆಗೇ ಹೋಗಿ, ಆ ಕಡೆಯ ತಂತಿ ಹಿಗ್ಗಿ ಜೋಲಾಗಿತ್ತು. ಎಫ್‌ಸಿ ಆದ ಮೇಲೆ ಬಲಗಡೆ ಚಕ್ರ ಮಾತ್ರ ಯಾಕೆ ಬಿಸಿ ಆಗುತ್ತಿತ್ತು ಅನ್ನೋದು ಆಗ ತಲೆಗೆ ಹೋಯಿತು. ಅಪ್ಪನಿಗೆ ಫೋನ್ ಮಾಡಿ ಹೇಳಿದೆ. "ಹೌದೇನೋ" ಅಂದರು, ಊಟ ಆಯಿತಾ ಅಂತ ಕೇಳಿದರು.

ಸ್ಪೇರ್ ತರುವಾಗ ಒಂದು ದಡ್ಡತನ ಮಾಡಿದೆ. ಹಳೇ ಕೇಬಲ್ ಬಿಚ್ಚದೆ, ಮಾಡೆಲ್ ಹೆಸರು ಹೇಳಿ ಅಂಗಡಿಯಿಂದ ಎರಡು ಹೊಸದು ತಂದೆ. ಅದೇ ಗಾಡಿಯಲ್ಲಿ ಚಾಸಿ ಉದ್ದ ಬೇರೆ ಬೇರೆ ಇರುತ್ತೆ, ವರ್ಷದಿಂದ ವರ್ಷಕ್ಕೆ ತುದಿಯ ಕೊಂಡಿಯೂ ಬದಲಾಗುತ್ತೆ. ನಾನು ತಂದದ್ದು ಒಂದು ಗೇಣು ಉದ್ದ. ಚಾಚಾ ಅದನ್ನು ಹಾವಾಡಿಗನ ಹಾಗೆ ಎತ್ತಿ ಹಿಡಿದು ನಕ್ಕರು. ಮಾರನೇ ದಿನ ಹಳೇದನ್ನೇ ಬಗಲಲ್ಲಿ ಇಟ್ಟುಕೊಂಡು ಹೋದೆ. ಹೊರಗಿನ ಕೊಳವೆ ಎಷ್ಟು ಉದ್ದ, ಕೊಳವೆಯಿಂದ ಆಚೆ ಕಾಣುವ ತಂತಿ ಎಷ್ಟು ಉದ್ದ, ತುದಿಯಲ್ಲಿ ಗುಂಡೋ ಕೊಕ್ಕೆಯೋ. ಈ ಮೂರೂ ಸೇರಬೇಕು. ಇನ್ನೊಂದು ಮಾತು. ಹಿಗ್ಗಿದ ತಂತಿಯನ್ನು ಅಳೆದರೆ ಲೆಕ್ಕ ತಪ್ಪುತ್ತೆ, ಹಾಗಾಗಿ ಕೊಳವೆಯ ಅಳತೆಯನ್ನೇ ನಂಬಬೇಕು. ಎಡಗಡೆದು ಒಂದೇ ಹಾಕಿದರೆ ಸಾಲದಾ ಅಂತ ಕೇಳಿದೆ. "ಒಂದು ಮುದಿ ಎತ್ತು, ಒಂದು ಹೋರಿ, ನೊಗಕ್ಕೆ ಕಟ್ತೀಯಾ?" ಅಂದರು ಚಾಚಾ. ಎರಡೂ ತಂದೆ.

ಕೆಲಸ ಹಿಡಿದದ್ದು ಬೆಳಿಗ್ಗೆ. ಮುಂದಿನ ಚಕ್ರಕ್ಕೆ ಎರಡೂ ಕಡೆ ಕಲ್ಲು. ಅಪ್ಪನ ಕಲ್ಲು ಒಂದು, ಗ್ಯಾರೇಜಿನದು ಮೂರು. ಜಾಕ್ ಏರಿಸಿದ ಮೇಲೆ ಆಕ್ಸಲ್ ಕೆಳಗೆ ದಪ್ಪ ಮರದ ದಿಮ್ಮಿ ಕೊಟ್ಟು ಭಾರವನ್ನು ಅದರ ಮೇಲೆ ಇಳಿಸಿದರು. ಜಾಕ್ ಎತ್ತುವುದಕ್ಕೆ ಮಾತ್ರ, ಹೊರುವುದಕ್ಕಲ್ಲ ಅನ್ನೋದರಲ್ಲಿ ಚಾಚಾ ಬಹಳ ಬಿಗಿ. ದಿಮ್ಮಿ ಇಲ್ಲದೆ ಕೆಳಗೆ ತಲೆ ಹಾಕಿದ ಹುಡುಗನಿಗೆ ಅವರು ಬೈದದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಡ್ರಮ್ ಹೊರಗೆ ಬಂದಾಗ ಬೂದು ಬಣ್ಣದ ಧೂಳು ಗುಡ್ಡೆಯಾಗಿತ್ತು. ನಾನು ಏರ್ ಹೊಡೆಯಲು ಹೋದೆ, ಚಾಚಾ ಕೈ ಹಿಡಿದು ಮಗ್ಗಿನಲ್ಲಿ ನೀರು ತಂದರು. ಹಳೇ ಬ್ರೇಕ್ ಲೈನಿಂಗುಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು, ಆ ಧೂಳು ಶ್ವಾಸಕೋಶಕ್ಕೆ ಹೋದರೆ ಹೊರಗೆ ಬರಲ್ಲ. ಒದ್ದೆ ಮಾಡಿ ಬಟ್ಟೆಯಲ್ಲಿ ಒರೆಸಬೇಕು. ಇಷ್ಟು ಎಚ್ಚರ ಇರುವ ಮನುಷ್ಯ ಮುಖಕ್ಕೆ ಮಾತ್ರ ಏನೂ ಕಟ್ಟಿಕೊಳ್ಳಲಿಲ್ಲ, ಅದೂ ನಿಜ.

ಡ್ರಮ್ಮಿನ ಒಳಗೆ ಕೇಬಲ್ ತುದಿ ಒಂದು ಸಣ್ಣ ಸನ್ನೆಗೋಲಿಗೆ ಸಿಕ್ಕಿಕೊಂಡಿರುತ್ತೆ. ಕೇಬಲ್ ಎಳೆದಾಗ ಅದು ಎರಡು ಶೂಗಳನ್ನೂ, ಅಂದರೆ ಲೈನಿಂಗ್ ಕೂರಿಸಿದ ಬಾಗಿದ ಪಟ್ಟಿಗಳನ್ನು, ಅಗಲಿಸಿ ಡ್ರಮ್ಮಿಗೆ ಒತ್ತುತ್ತೆ. ಸ್ಪ್ರಿಂಗ್ ಬಿಚ್ಚುವ ಮೊದಲು ಚಾಚಾ ನನ್ನ ಮೊಬೈಲಿನಲ್ಲಿ ಫೋಟೋ ತೆಗೆಸಿದರು. ಎರಡು ಕಡೆ ಒಟ್ಟಿಗೆ ಬಿಚ್ಚಲಿಲ್ಲ. ಒಂದು ಕಡೆ ಮರೆತರೆ ಇನ್ನೊಂದು ಕಡೆ ನೋಡಿ ಜೋಡಿಸಬಹುದು. ಕೇಬಲ್ ಹೊರಗೆ ಬರುವ ಜಾಗದಲ್ಲಿ ಕೊಳವೆಗೆ ಅಗಲಿಸಿದ ಬೆರಳಿನ ಥರ ಉಗುರುಗಳಿವೆ. ಅವನ್ನು ಒಟ್ಟಿಗೆ ಅದುಮಿದರೇ ತೂತಿನಿಂದ ಈಚೆ ಬರೋದು. ನಾನು ಕಟಿಂಗ್ ಪ್ಲೇಯರಿನಲ್ಲಿ ಅರ್ಧ ಗಂಟೆ ಗುದ್ದಾಡಿದೆ. ಒಂದು ಅದುಮಿದರೆ ಇನ್ನೊಂದು ಏಳುತ್ತಿತ್ತು. ಚಾಚಾ ಬಂದು ಸರಿಯಾಗಿ ಕೂರುವ ಒಂದು ರಿಂಗ್ ಸ್ಪ್ಯಾನರ್ ಹುಡುಕಿ ಉಗುರುಗಳ ಮೇಲೆ ಜಾರಿಸಿದರು. ಎಲ್ಲ ಉಗುರೂ ಒಟ್ಟಿಗೆ ಮುದುಡಿದವು, ಟಕ್ ಅಂತ ಹೊರಗೆ. ಉಂಗುರ ತೊಡಿಸಿದಷ್ಟೇ ಸಲೀಸು.

ಊಟದ ಹೊತ್ತಿಗೆ ಸತ್ತ ಕೇಬಲ್ ನನ್ನ ಮುಂದೆ ಬಿದ್ದಿತ್ತು. ಸುಮ್ನೆ ಕುತೂಹಲಕ್ಕೆ ಹ್ಯಾಕ್ಸಾ ತಗೊಂಡು ಅಲ್ಲಲ್ಲಿ ಕೊಯ್ದು ನೋಡಿದೆ. ಲಿವರಿನ ಕಡೆ ಕೊಯ್ದರೆ ತಂತಿ ಹೊಸ ಸೂಜಿಯ ಹಾಗೆ ಹೊಳೆಯುತ್ತಿತ್ತು. ಚಕ್ರದ ಕಡೆಯೂ ಪರವಾಗಿಲ್ಲ. ನಡುವೆ ಒಂದೇ ಕಡೆ, ಮೂರು ಬೆರಳಗಲ, ಪೂರ್ತಿ ಕೆಂಪು. ಎಳೆಗಳು ಒಂದಕ್ಕೊಂದು ಅಂಟಿ ಕೊಳವೆಗೂ ಅಂಟಿದ್ದವು. ಆ ಜಾಗದಲ್ಲಿ ಕ್ಲಿಪ್ ಬಿದ್ದುಹೋಗಿ ಕೇಬಲ್ ಚಾಸಿಗೆ ಉಜ್ಜಿ ಹೊದಿಕೆ ಹರಿದಿತ್ತು, ಒಂದು ಜೋಳದ ಕಾಳಿನಷ್ಟು. ಅಲ್ಲಿಂದ ನೀರು ಹೋಗಿದೆ. ನೀರಿನ ಜೊತೆ ಕೆಂಪು ಮಣ್ಣೂ ಹೋಗಿದೆ. ಭೀಮಸಮುದ್ರದ ದಾರಿಯಲ್ಲಿ ಅದಿರಿನ ಲಾರಿಗಳು ಸಾಲುಗಟ್ಟಿ ಓಡುತ್ತಿದ್ದ ಕಾಲದಲ್ಲಿ ಮರ, ಮನೆ, ಎತ್ತು ಎಲ್ಲದರ ಮೇಲೂ ಆ ಕೆಂಪೇ ಇರುತ್ತಿತ್ತು. 2011ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ನಮ್ಮ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿದ ಮೇಲೆ ರಸ್ತೆ ಸ್ವಲ್ಪ ಬಣ್ಣ ಬದಲಾಯಿಸಿತು. ನಮ್ಮ ಕೇಬಲಿನೊಳಗೆ ಆ ಕಾಲದ್ದೇ ಧೂಳು ಕೂತಿತ್ತೋ ಏನೋ, ಉಗುರಿನಲ್ಲಿ ಕೆರೆದರೆ ಕುಂಕುಮದ ಹಾಗೆ ಉದುರಿತು.

ದಿನಾ ಎಳೆದು ಬಿಟ್ಟಿದ್ದರೆ ತಂತಿ ಓಡಾಡಿಕೊಂಡಿರುತ್ತಿತ್ತು. ಬಿಗಿಯಾಗಲು ಶುರುವಾದ ದಿನವೇ ಕೈಗೆ ಗೊತ್ತಾಗುತ್ತಿತ್ತು. ಹರಿದ ತುಂಡನ್ನು ಚಾಚಾಗೆ ತೋರಿಸಿದೆ. ಅವರು ಅನ್ನ ಕಲಸುತ್ತಾ ತಲೆ ಆಡಿಸಿದರು, ಅಷ್ಟೇ.

ಹೊಸ ಕೇಬಲ್ ಎಳೆಯುವಾಗ ದಾರಿ ಮುಖ್ಯ. ಸೈಲೆನ್ಸರ್ ಪೈಪಿನಿಂದ ದೂರ ಇರಬೇಕು, ಬಿಸಿಗೆ ಹೊದಿಕೆ ಕರಗುತ್ತೆ. ಹಿಂದಿನ ಚಕ್ರ ತಿರುಗಿಸುವ ಪ್ರೊಪೆಲ್ಲರ್ ಶಾಫ್ಟಿಗೆ ತಾಗಬಾರದು. ಎಲ್ಲೂ ಸಣ್ಣ ಸುತ್ತು ಹಾಕಿ ಮಡಿಸಬಾರದು. ಲೋಡ್ ಬಿದ್ದಾಗ ಸ್ಪ್ರಿಂಗ್ ಪಟ್ಟಿಗಳ ಕಟ್ಟು ಕೆಳಗೆ ಕೂರುತ್ತೆ, ಆಕ್ಸಲ್ ಮೇಲೆ ಕೆಳಗೆ ಆಡುತ್ತೆ. ಅದಕ್ಕೆ ಬೇಕಾದಷ್ಟು ಸಡಿಲ ಚಕ್ರದ ಹತ್ತಿರ ಬಿಡಬೇಕು. ಬಿದ್ದುಹೋದ ಕ್ಲಿಪ್ ಜಾಗಕ್ಕೆ ನಾನು ತಂತಿ ಕಟ್ಟಲು ಹೋದೆ, ಚಾಚಾ ಬಿಡಲಿಲ್ಲ. ರಬ್ಬರ್ ಇರುವ ಕ್ಲಿಪ್ಪೇ ಹಾಕಿಸಿದರು.

ಕೇಬಲೊಳಗೆ ಗ್ರೀಸ್ ತುಂಬೋಣವಾ ಅಂದೆ. ಈಗಿನ ಕೇಬಲುಗಳಿಗೆ ಒಳಗೆ ನುಣುಪಾದ ಪ್ಲಾಸ್ಟಿಕ್ ಲೈನಿಂಗ್ ಇರುತ್ತೆ. ಅದಕ್ಕೆ ಗ್ರೀಸ್ ತುಂಬಿದರೆ ಧೂಳು ಹಿಡಿದು ಮುದ್ದೆ ಆಗುತ್ತೆ. ಗ್ರೀಸ್ ಬೇಕಾದದ್ದು ಲಿವರಿನ ಪಿನ್ನಿಗೆ, ನೊಗದ ಪಟ್ಟಿಗೆ, ಕೊಂಡಿಗಳಿಗೆ. ಕೊಳವೆ ತುದಿಯ ರಬ್ಬರ್ ಟೋಪಿ ಹರಿಯದ ಹಾಗೆ ನೋಡಿಕೊಂಡರೆ ಅರ್ಧ ಆಯಸ್ಸು ಜಾಸ್ತಿ.

ಬಿಗಿ ಮಾಡುವುದರಲ್ಲೇ ಅಪ್ಪ ಇಷ್ಟು ವರ್ಷ ತಪ್ಪಿದ್ದು. ಅವರು ಸೀದಾ ಕೇಬಲ್ ನಟ್‌ಗೆ ಕೈ ಹಾಕುತ್ತಿದ್ದರು. ಮೊದಲು ಡ್ರಮ್ಮಿನೊಳಗಿನ ಶೂ ಅಡ್ಜಸ್ಟ್ ಮಾಡಬೇಕು. ಚಕ್ರ ಕೈಯಲ್ಲಿ ತಿರುಗಿಸಿದರೆ ಸರ್ ಅಂತ ಚೂರೇ ಉಜ್ಜುವ ಶಬ್ದ, ಆದರೆ ಸಲೀಸಾಗಿ ತಿರುಗಬೇಕು. ಕಾಲಿನ ಬ್ರೇಕ್ ನಾಲ್ಕಾರು ಸಲ ತುಳಿದು ಶೂ ಕೂರಿಸಬೇಕು. ಆಮೇಲೆ ಕೇಬಲ್. ಶೂ ಸವೆದು ಡ್ರಮ್ಮಿನಿಂದ ದೂರ ಇರುವಾಗ ಕೇಬಲನ್ನೇ ಎಳೆದು ಸರಿ ಮಾಡಿದರೆ ಒಳಗಿನ ಸನ್ನೆಗೋಲು ಯಾವಾಗಲೂ ಅರ್ಧ ಎಳೆದೇ ಇರುತ್ತೆ, ಚಕ್ರ ಕಾಯುತ್ತೆ. ಲಿವರ್ ಎಳೆದಾಗ ಕಟ ಕಟ ಅನ್ನುವ ಹಲ್ಲುಗಳಿವೆಯಲ್ಲ, ನಮ್ಮ ಗಾಡಿಗೆ ಏಳನೇ ಹಲ್ಲಿಗೆ ಗಟ್ಟಿ ಹಿಡಿಯುವ ಹಾಗೆ ಕೂತಿತು. ಬೇರೆ ಗಾಡಿಗೆ ಬೇರೆ ಲೆಕ್ಕ, ಮ್ಯಾನುಯಲ್ ನೋಡಿ. ಲಿವರ್ ಪೂರ್ತಿ ಬಿಟ್ಟಾಗ ಎರಡೂ ಚಕ್ರ ಕೈಯಲ್ಲಿ ತಿರುಗಬೇಕು, ಅದು ಮಾತ್ರ ಎಲ್ಲದಕ್ಕೂ ಒಂದೇ.

ಸಂಜೆ ಖಾಲಿ ಗಾಡಿ ಒಂದು ಸುತ್ತು ಓಡಿಸಿ ಬಂದು ಎರಡೂ ಹಬ್ಬಿನ ಹತ್ತಿರ ಅಂಗೈ ಹಿಂಭಾಗ ಹಿಡಿದು ನೋಡಿದೆವು. ಎರಡೂ ಸಮ ಬೆಚ್ಚಗೆ. ಚಾಚಾಗೆ ಕೂಲಿ ಕೊಟ್ಟು, ಇಬ್ಬರೂ ಮಂಡಕ್ಕಿ ಮೆಣಸಿನಕಾಯಿ ತಿಂದೆವು. ಹೊಸ ತಂತಿ ಮೊದಲು ಸ್ವಲ್ಪ ಹಿಗ್ಗುತ್ತೆ, ಹದಿನೈದು ದಿನ ಬಿಟ್ಟು ಬಾ ಅಂದರು. ಹೋದೆ. ಎರಡು ಸುತ್ತು ಬಿಗಿಯಾಯಿತು.

ಈಗ ಟವೆಲ್ಲಿಗೆ ಬೇರೆ ಮೊಳೆ ಹೊಡೆದಿದ್ದೇನೆ. ದಿನಾ ಎಳೆಯುತ್ತೇನೆ, ಸಮತಟ್ಟು ಜಾಗದಲ್ಲೂ. ಎಳೆಯಬಾರದ ಸಂದರ್ಭವೂ ಒಂದಿದೆ ಅಂತ ಈ ಮಳೆಗಾಲದಲ್ಲಿ ಗೊತ್ತಾಯಿತು. ಬಾಡಿಗೆ ಇಲ್ಲದೆ ಗಾಡಿ ವಾರಗಟ್ಟಲೆ ಮಳೆಯಲ್ಲಿ ನಿಲ್ಲುವುದಾದರೆ ಹ್ಯಾಂಡ್ ಬ್ರೇಕ್ ಹಾಕಿ ಬಿಡಬಾರದು. ಒದ್ದೆ ಶೂ ಡ್ರಮ್ಮಿಗೆ ಕಚ್ಚಿಕೊಂಡು, ಆಮೇಲೆ ಲಿವರ್ ಬಿಟ್ಟರೂ ಚಕ್ರ ಬಿಡಲ್ಲ. ನಮ್ಮದು ಹಾಗೇ ಕಚ್ಚಿತ್ತು, ಗೇರ್ ಹಾಕಿ ಮೆಲ್ಲಗೆ ಹಿಂದೆ ಮುಂದೆ ಆಡಿಸಿದಾಗ ಟಪ್ ಅಂತ ಬಿಟ್ಟಿತು. ಅಂಥ ಹೊತ್ತಿನಲ್ಲಿ ಗೇರ್ ಮತ್ತು ಕಲ್ಲೇ ಸರಿ. ಅಪ್ಪನಿಗೆ ಇದನ್ನು ಹೇಳಿದಾಗ ಅವರ ಮುಖ ನೋಡಬೇಕಿತ್ತು.

ಈ ಸುಗ್ಗಿಗೆ ಮತ್ತೆ ಅದೇ ಹಳ್ಳಿಗೆ ಬಾಡಿಗೆ ಬಂತು. ಅದೇ ಏರು. ಅಜ್ಜಿ ಈ ಸಲ ಬಣವೆಯನ್ನು ಕಣದ ಆಚೆ ಬದಿಗೆ ಒಟ್ಟಿಸಿದ್ದರು. ಕೇಳಲಿಲ್ಲ ನಾನು, ಅವರೂ ಹೇಳಲಿಲ್ಲ. ಇಂಜಿನ್ ಆಫ್ ಮಾಡಿ ಲಿವರ್ ಎಳೆದೆ. ಕಟ ಕಟ ಕಟ, ಏಳು. ಕಾಲು ಎತ್ತಿದೆ, ಗಾಡಿ ಅಲ್ಲಾಡಲಿಲ್ಲ. ನಲವತ್ತು ಚೀಲ ಏರಿದ ಮೇಲೂ ಅಲ್ಲಾಡಲಿಲ್ಲ. ಕೆಳಗೆ ಇಳಿದು ನೋಡಿದರೆ ಹುಡುಗ ಯಾವಾಗಲೋ ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟಿದ್ದ. ನಾನು ಕೂಗಿರಲಿಲ್ಲ. ಅಜ್ಜಿ ಅಂಗಳದಿಂದಲೇ ಕೈ ಮಾಡಿ ಹೇಳಿಕೊಟ್ಟರಂತೆ.